ಲೇತ್ ಅಂಗಡಿಯಲ್ಲಿ ಹುಟ್ಟಿದ ಚಿತ್ರ

ಸಿಂಧನೂರಿನ ಲೇತ್ ಅಂಗಡಿಗೆ 1989ರ ಒಂದು ಭಾನುವಾರ ಬಂದ ಹುಡುಗಿ, ಟ್ರ್ಯಾಕ್ಟರ್ ಸಾಮಾನುಗಳ ನಡುವೆ ಜಾಗ ಮಾಡಿ ನಕ್ಷೆಯ ಹಾಳೆಯೊಂದನ್ನು ಬಿಡಿಸಿಟ್ಟಳು. ಎರಡು ಉಕ್ಕಿನ ಉರುಳೆ, ನಡುವೆ ಹಾಯುವ ಹಲಗೆ, ಪಕ್ಕಕ್ಕೊಂದು ದೊಡ್ಡ ಚಕ್ರ.

“ಕಬ್ಬಿನ ಗಾಣ ಏನ್ರಿ?” ಅಂದ ಲೇತ್ ನಡೆಸುವ ಪಂಪಣ್ಣ.

“ಗಾಣ ಅಲ್ರಿ. ಇದರಾಗ ಚಿತ್ರ ಅಚ್ಚು ಹಾಕತಾರ.” ಅವಳು ನಗು ನುಂಗಿಕೊಂಡಳು.

ಪಾಮನಕಲ್ಲೂರಿನ ಕರೆಮ್ಮ, ಲಿಂಗಸುಗೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಆ ಯಂತ್ರ ಮಾಡಿಸಲು ಆಮೇಲೆ ಪ್ರತಿ ಭಾನುವಾರ ಮಸ್ಕಿ ಮೇಲಿನ ಬಸ್ಸಿಗೆ ಬಂದಳು. ಉರುಳೆ ಕೂದಲೆಳೆಯಷ್ಟೂ ಡೊಂಕಿರಬಾರದೆಂದು ಕಣ್ಣು ಕಿರಿದು ಮಾಡಿ ನೋಡುವಳು. ಪಂಪಣ್ಣ ಆ ಕಣ್ಣನ್ನೇ ನೋಡುವನು.

“ಕೆಲಸದ ಕಡೆ ನೋಡ್ರಿ,” ಅನ್ನುವಳು, ತಲೆ ಎತ್ತದೆ.

ಮೂರು ತಿಂಗಳಿಗೆ ಯಂತ್ರ ತಯಾರಾಯಿತು. ತಾನೇ ಗೀರಿ ಚಿತ್ರ ಬರೆದಿದ್ದ ತಾಮ್ರದ ತಗಡಿಗೆ ಕರೆಮ್ಮ ಮಸಿ ಸವರಿ, ಒರೆಸಿ, ನೆನೆಸಿದ ಕಾಗದ ಹಾಸಿದಳು. ಪಂಪಣ್ಣ ಚಕ್ರ ತಿರುಗಿಸಿದ. ಅವಳು ಕಾಗದದ ಮೂಲೆ ಹಿಡಿದು ಮೆಲ್ಲಗೆ ಎಬ್ಬಿಸಿದಳು.

ನಾಟಿ ಗದ್ದೆಯಲ್ಲಿ ಬಗ್ಗಿದ ಹೆಂಗಸರು. ಮುಖಗಳಿಲ್ಲ, ಬರೀ ಬೆನ್ನು. ಆ ಬೆನ್ನುಗಳ ಮೇಲೆ ಇಡೀ ಆಕಾಶ ಕೂತಿತ್ತು.

ಪಂಪಣ್ಣ ಚಕ್ರ ಬಿಟ್ಟು ಹತ್ತಿರ ಬಂದ. ಜವಳಗೇರಾದಲ್ಲಿ ನಾಟಿ ಹಚ್ಚುತ್ತಲೇ ಸವೆದು ತೀರಿಹೋದ ಅವ್ವನದು ಒಂದು ಫೋಟೊ ಕೂಡ ಅವನ ಬಳಿ ಇರಲಿಲ್ಲ.

“ನಮ್ಮವ್ವ ಹಿಂಗ ಬಗ್ಗತಿದ್ಲು,” ಅಂದ. ಕಾದ ಕಬ್ಬಿಣಕ್ಕೂ ಅಂಜದ ಕೈ ಆ ಕಾಗದ ಮುಟ್ಟಲು ಅಂಜಿತು.

ಕರೆಮ್ಮ ಅವನನ್ನೇ ನೋಡುತ್ತ ನಿಂತಿದ್ದಳು. “ಬರೋಡಾದಾಗ ಶಿಲ್ಪ ಕಲಿಯಾಕ ಸೀಟು ಸಿಕ್ಕೈತ್ರಿ. ಎರಡು ವರ್ಷ. ಒಲ್ಲೆ ಅಂತ ಬರೀಬೇಕು ಅನ್ಕೊಂಡೀನಿ.”

“ಯಾಕ್ರಿ?”

ಅವಳು ಚಕ್ರದ ಮೇಲಿದ್ದ ಅವನ ಕೈ ಗುರುತು ಸವರಿ, ಅವನ ಕಡೆ ನೋಡಿದಳು. ಪಂಪಣ್ಣನಿಗೆ ಅರ್ಥವಾಯಿತು, ಎದೆ ಹಿಗ್ಗಿತು, ಅಷ್ಟೇ ಭಯವೂ ಆಯಿತು.

“ಹೋಗ್ರಿ,” ಅಂದ. “ಇಂಥಾ ಕೈನ ನಾ ಕಟ್ಟಿ ಹಾಕಬಾರದು. ನಾನಂತೂ ಇಲ್ಲೇ ಇರತೀನಿ.”

“ಹಂಗಾದ್ರ ಯಾರಿಗೂ ಕೊಡಬ್ಯಾಡ್ರಿ.”

“ಮಷೀನ್ ಏನ್ರಿ?”

“ಅದನ್ನೂ.”

ಎರಡು ವರ್ಷ ಕಾಗದಗಳು ಬಂದವು, ಹೋದವು. ಆಮೇಲೊಂದು ಬೆಳಿಗ್ಗೆ ಅವಳೇ ಬಾಗಿಲಲ್ಲಿ ನಿಂತಿದ್ದಳು. ಕಲ್ಲು ಕೆತ್ತಿ ಅಂಗೈ ಒಡೆದಿತ್ತು.

“ನಿಮ್ಮನ್ನ ಲಗ್ನ ಆಗತೀನಂತ ಮನ್ಯಾಗ ಹೇಳಿದೆ.”

“ಏನಂದ್ರು?”

“ನಮ್ಮಣ್ಣ ಮುದುಕಪ್ಪ ಮೂರು ದಿನ ಮಾತು ಬಿಟ್ಟಿದ್ದ. ನಾಲ್ಕನೇ ದಿನ, ಅವನ ಅಂಗಡಿ ಎಲ್ಲೈತಿ ತೋರಸು ಅಂದ. ಹೊರಗ ನಿಂತಾನ.”

ಪಂಪಣ್ಣ ಅವಳ ಒಡೆದ ಅಂಗೈಯನ್ನು ಒಂದು ಗಳಿಗೆ ತನ್ನ ಕೈಯಲ್ಲಿ ಹಿಡಿದ. ಆಮೇಲೆ ಅಂಗಿ ನೆಟ್ಟಗೆ ಮಾಡಿಕೊಂಡು, ಅವಳಣ್ಣನನ್ನು ಒಳಗೆ ಕರೆಯಲು ಹೊರಟ.