ಹಿಂದಿನ ಗಾಲಿಯ ಸಪ್ಪಳ

“ಯಾವನಲೇ ಅಂವಾ, ಮ್ಯಾಲ ಕುಂತಾಂವಾ? ಸ್ವಾಮಿಗಳ ಗಾದಿ ಅದ ಅದು! ಇಳಿ ಕೆಳಗ, ಇಳಿ!”

ಮೋಟಾರಿನ ಕೆಳಗೆ ಅಂಗಾತ ಮಲಗಿದ್ದ ವೀರಭದ್ರ ಅಲ್ಲಿಂದಲೇ ಗುಡುಗಿದ. ಹಿಂದಿನ ಸೀಟಿನಲ್ಲಿ ಯಾರೋ ಕೂತದ್ದೇ ತಡ, ಸ್ಪ್ರಿಂಗು ಕಿರುಗುಟ್ಟಿ ಅವನ ಮೂಗಿನ ಮೇಲೆ ಒಂದು ಹಿಡಿ ಧೂಳು ಸುರಿದಿತ್ತು.

ಇಳಿಯುವ ಬದಲು ಮೇಲೆ ಕೂತವರು ನಕ್ಕರು. ಬಳೆಗಳೂ ನಕ್ಕವು.

“ನಮ್ಮಪ್ಪನೇ ಕೂಡು ಅಂದಾನ. ಇಳಸೂದಿದ್ರ ಅವಗ ಹೇಳು.”

ಗಡಿಬಿಡಿಯಲ್ಲಿ ಹೊರಗೆ ಜಾರುವಾಗ ಅವನ ಹಣೆ ಅಡಿಹಲಗೆಗೆ ಬಡಿಯಿತು. ಎದ್ದು ನೋಡಿದರೆ ಕಿಟಕಿಯಲ್ಲಿ ಹಣೆಯ ತುಂಬ ವಿಭೂತಿ, ಅದರ ಕೆಳಗೆ ನಗು ತಡೆದುಕೊಂಡ ಎರಡು ಕಣ್ಣು. ಮಠದ ಪೂಜೆ, ಕಾರಭಾರ ಎರಡನ್ನೂ ನೋಡಿಕೊಳ್ಳುವ ಶಾಂತಯ್ಯನ ಮಗಳು, ಚಂದ್ರಭಾಗಾ.

“ತಪ್ಪಾತು, ತಾಯಿ.” ಎಣ್ಣೆಗೈಯನ್ನೇ ಜೋಡಿಸಿದ.

“ತಾಯಿ? ನಿನಗ ಈಟು ದೊಡ್ಡ ಮೀಸಿ ಬಂದಾವ. ನನಗಿನ್ನೂ ಲಗ್ನ ಆಗಿಲ್ಲ.”

“ಗುರುಗಳ ಮನಿಯವರು ನೀವು. ನಾವು ಒಕ್ಕಲು ಮಂದಿ, ಶಿಷ್ಯರು. ಹಂಗೇ ಅನಬೇಕ್ರೀ.”

“ಮೊದಲ ಹಣಿ ಒರಸ್ಕೊ. ನನಕಿಂತ ಛಲೋ ಪಟ್ಟಿ ಎಳ್ಕೊಂಡಿ, ಗ್ರೀಸಿಂದು.”

ಅವನು ಒರೆಸಿಕೊಂಡ. ಗ್ರೀಸು ಇನ್ನಷ್ಟು ಹರಡಿತು. ಅವಳು ಸೆರಗು ಬಾಯಿಗೆ ಒತ್ತಿ ಮುಖ ತಿರುಗಿಸಿದಳು.

ನಿಲಂಗಾ ಇನ್ನೂ ಬೀದರ ಜಿಲ್ಲೆಯಲ್ಲಿದ್ದ ಕಾಲ. ರಜಾಕಾರರ ಗದ್ದಲ ಮುಗಿದು, ಪೊಲೀಸ್ ಆ್ಯಕ್ಷನ್ ಆಗಿ, ಊರು ಬಿಟ್ಟು ಹೊರಟ ಜಹಾಗೀರದಾರನೊಬ್ಬ ತನ್ನ ಹಳೆಯ ಮೋಟಾರನ್ನು ಮಠಕ್ಕೆ ಕೊಟ್ಟು ಹೋಗಿದ್ದ. ಗಾಡಿ ಗಟ್ಟಿ, ಬ್ರೇಕು ಮಾತ್ರ ಹಳೇ ಕಾಲದ್ದು. ಪೆಡಲಿಗೆ ಕಾಲಿಟ್ಟರೆ ಕಬ್ಬಿಣದ ಸರಳು ಗಾಲಿಯನ್ನು ಎಳೆದು ಹಿಡಿಯಬೇಕು. ಒಂದು ಗಾಲಿ ಹಿಡಿದರೆ ಇನ್ನೊಂದು ಹಿಡಿಯುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಉದಗೀರದ ದಾರಿಯ ಮಾಂಜ್ರಾ ನದಿಯ ಇಳಿಜಾರಿನಲ್ಲಿ ಗಾಡಿ ಕೈಬಿಟ್ಟು ಓಡಿ ಜಾಲಿಮರಕ್ಕೆ ಗುದ್ದಿ, ಮುದಿ ಸ್ವಾಮಿಗಳ ಭುಜ ಮುರಿದಿತ್ತು. ಅಂದಿನಿಂದ ಇಳಿಜಾರು ಬಂತೆಂದರೆ ಎಲ್ಲರೂ ಇಳಿದು ನಡೆಯುವುದು, ಶಾಂತಯ್ಯ ಗಾಲಿಗೆ ಒಡ್ಡಲು ಕೈಯಲ್ಲೊಂದು ಕಲ್ಲು ಹಿಡಿದು ಮುಂದೆ ಮುಂದೆ ಹೋಗುವುದು, ಹೀಗಾಗಿತ್ತು ರೂಢಿ.

ಉದಗೀರದ ಮಠಸ್ಥರ ಮನೆಯ ಅಮರಯ್ಯನಿಗೆ ಚಂದ್ರಭಾಗಾಳನ್ನು ಕೊಡುವುದೆಂದು ಮಾತಾಗಿತ್ತು. ಮದುವೆ ಅಲ್ಲಿಯೇ. ಮದುಮಗಳು ಗುರುಗಳ ಗಾಡಿಯಲ್ಲೇ ಬರಬೇಕೆಂದು ಬೀಗರ ಆಸೆ. “ಬ್ರೇಕ್ ಸರಿ ಆಗಲಿ, ಮುಂದಿನ ಮುಹೂರ್ತಕ್ಕೇ ಕರಕೊಂಡು ಬರ್ತೀನಿ” ಎಂದು ಶಾಂತಯ್ಯ ಹೇಳಿ ಕಳಿಸಿದ್ದ.

ಆ ಬ್ರೇಕು ಸರಿಮಾಡಲು ಬಂದವನು ವೀರಭದ್ರ. ಗುಂಜೋಟಿಯ ಒಕ್ಕಲು ಮನೆಯ ಹುಡುಗ; ಸೊಲ್ಲಾಪುರದಲ್ಲಿ ಮೋಟಾರು ಕೆಲಸ ಕಲಿತು ನಿಲಂಗಾದಲ್ಲಿ ಶೆಡ್ಡು ಹಾಕಿದ್ದ. ಗುಜರಿಯಲ್ಲಿ ಬಿದ್ದಿದ್ದ ಹೊಸ ಕಾಲದ ಗಾಡಿಯೊಂದರಿಂದ ಎಣ್ಣೆಯ ಬ್ರೇಕು ಬಿಚ್ಚಿ ತಂದ. ಕಾಲಿಟ್ಟರೆ ನಳಿಗೆಯಲ್ಲಿ ಎಣ್ಣೆ ಓಡಿ ನಾಲ್ಕೂ ಗಾಲಿ ಒಮ್ಮೆಲೇ ಹಿಡಿಯಬೇಕು. ಆದರೆ ಅದರ ಡ್ರಮ್ಮು ದೊಡ್ಡದು, ಹಳೆಯ ಗಾಲಿಯೊಳಗೆ ಕೂಡಲಿಲ್ಲ. ಗಾಲಿಗಳನ್ನೂ ಅದೇ ಗಾಡಿಯವು ತಂದ. ಅವು ಅಗಲ. ಖಾಲಿ ಇದ್ದಾಗ ಸರಿ, ಹಿಂದೆ ಭಾರ ಬಿದ್ದರೆ ಟಯರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತಿತ್ತು.

ಭಾರ ಹಾಕಿ ನೋಡದೆ ಗತಿಯಿಲ್ಲ. ಜೋಳದ ಚೀಲ ಇಡೋಣವೆಂದರೆ ಅದು ಸ್ವಾಮಿಗಳ ಗಾದಿ. ಶಿಷ್ಯರಾದವರು ಅಲ್ಲಿ ಕೂಡುವಂತಿಲ್ಲ. ಕೂಡುವುದಿದ್ದರೆ ಗುರುಗಳಾದ ಅಯ್ಯನವರ ಮನೆಯವರೇ ಕೂಡಬೇಕು. ಹೀಗೆ ಮಗಳು, ಅವಳ ಜೊತೆಗೆ ಶಾಂತಯ್ಯನ ಅಕ್ಕ ಸಂಗಮ್ಮ, ಇಬ್ಬರೂ ಭಾರವಾಗಿ ಬಂದು ಕೂತರು. ಸಂಗಮ್ಮನ ಕಿವಿ ಮಂದ. ಗಾಡಿ ಹೊರಟರೆ ನಿದ್ದೆ.

ಆದ್ದರಿಂದ ಗಾಲಿಯ ಸಪ್ಪಳ ಕೇಳಿ ಹೇಳುವ ಕೆಲಸ ಚಂದ್ರಭಾಗಾಳದಾಯಿತು.

“ಬರ್ಲತ್ತದೇನ್ರಿ ತಾಯಿ, ಸಪ್ಪಳ?”

“ಬರ್ಲತ್ತದ. ನಿನ್ನಂಗೇ ಗೊಣಗ್ಲತ್ತದ.”

ಅವನು ಅಂಚನ್ನು ಸುತ್ತಿಗೆಯಿಂದ ಬಡಿದು ಒಳಗೆ ಮಡಚಿದ. ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದ. ಅಂಚಿಗೆ ಹಸಿ ಸುಣ್ಣ ಬಳಿದ. ಟಯರು ತಾಗಿದರೆ ಅದರ ಮೇಲೆ ಬಿಳಿ ಗೆರೆ ಮೂಡಬೇಕು. ಬಸ್ ಸ್ಟ್ಯಾಂಡಿನಿಂದ ಮಠದವರೆಗೆ, ಮಠದಿಂದ ಮೊಂಢಾದ ಕಾಳಿನ ಪೇಟೆಯವರೆಗೆ ಗಾಡಿ ತಿರುಗಿತು. ಮುಂದಿನ ಕನ್ನಡಿಯಲ್ಲಿ ರಸ್ತೆ ಕಾಣುವುದಕ್ಕಿಂತ ಅವಳ ಮುಖವೇ ಹೆಚ್ಚು ಕಾಣುತ್ತಿತ್ತು.

“ಕನ್ನಡಿ ಸೊಟ್ಟ ಕುಂತದಲ್ಲ?”

“ಸರಿ ಅದರೀ.”

“ಹಂಗಂದ್ರ ಮುಂದ ಎಮ್ಮಿ ಬಂದದ ನೋಡು.”

ಒಂದು ಮಧ್ಯಾಹ್ನ, ಅವಳು “ಇನ್ನೂ ಬರ್ಲತ್ತದ” ಎಂದಳು. ವೀರಭದ್ರ ಇಳಿದು ಬಗ್ಗಿ ನೋಡಿದ. ಟಯರು ಕರ್ರಗಿತ್ತು. ಒಂದು ಚುಕ್ಕೆ ಸುಣ್ಣವಿಲ್ಲ. ತಲೆ ಎತ್ತಿದ. ಅವಳು ಅವನನ್ನೇ ನೋಡುತ್ತಿದ್ದಳು, ನಗದೆ. ಮೊದಲ ಸಲ ನಗದೆ.

ಅತ್ತಲಿಂದ ಶಾಂತಯ್ಯ ಬರುತ್ತಿದ್ದ. “ಏನಾತೋ ವೀರಭದ್ರ?”

ಅವನು ಅಂಚಿನ ಸುಣ್ಣಕ್ಕೆ ಬೆರಳು ಒತ್ತಿ, ಅದೇ ಬೆರಳಿನಿಂದ ಟಯರಿನ ಮೇಲೆ ಉದ್ದ ಗೆರೆ ಎಳೆದ.

“ಇನ್ನೂ ತಾಗ್ಲತ್ತದ್ರೀ ಅಯ್ಯನವರ. ನೋಡ್ರಿ.”

ಚಂದ್ರಭಾಗಾ ಅವನ ಬಿಳಿ ಬೆರಳು ನೋಡಿದಳು. ಅವಳ ಕಿವಿಯ ತುದಿ ಕೆಂಪಾಯಿತು.

ಆಮೇಲೆ ಗಾಡಿ ದಿನವೂ ಕೆಟ್ಟಿತು. ಇಲ್ಲದ ಸಪ್ಪಳ ಅವಳಿಗೆ ಕೇಳುತ್ತಿತ್ತು, ಇಲ್ಲದ ಗೆರೆ ಅವನ ಬೆರಳಿನಿಂದ ಮೂಡುತ್ತಿತ್ತು. ಎರಡು ಮುಹೂರ್ತ ದಾಟಿದವು. ಇದರಿಂದ ಏನೂ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

“ನಾ ನಿಮ್ಮ ಮನಿಗಿ ಬಂದ್ರ?” ಸಂಗಮ್ಮನ ಗೊರಕೆಯ ನಡುವೆ ಅವಳು ಒಮ್ಮೆ ಕೇಳಿದಳು.

“ನಮ್ಮವ್ವ ನಿಮ್ಮಪ್ಪಾರ ಪಾದ ತೊಳದ ನೀರು ಕುಡಿಯಾಕಿ. ನೀವು ಬಂದ್ರ ಹೊಸ್ತಿಲದಾಗೇ ನಿಮ್ಮ ಕಾಲಿಗಿ ಬೀಳ್ತಾಳ. ಸೊಸಿ ಕಾಲಿಗಿ ಅತ್ತಿ ಬೀಳೂದು ಯಾವ ಮನ್ಯಾಗ ಅದರೀ?”

ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಅವನು ಗಾಡಿಯನ್ನು ಮಠದ ಕಡೆ ತಿರುಗಿಸಿದ.

ಕೊನೆಗೊಂದು ಮುಂಜಾನೆ ಶಾಂತಯ್ಯ ಶೆಡ್ಡಿಗೆ ಬಂದು ಬಾಗಿಲಲ್ಲೇ ನಿಂತ. ಕೋಪವಿರಲಿಲ್ಲ, ಸೋತಿದ್ದ.

“ತಮ್ಮಾ, ನಿನ್ನ ಕೈಲಾದಷ್ಟು ಮಾಡಿದಿ. ಇನ್ನ ಬ್ಯಾಡ. ಬೀಗರು ಮಾತಾಡ್ಲತ್ತಾರ. ಆ ಹಳೇ ಬ್ರೇಕ್, ಹಳೇ ಗಾಲಿನೇ ತಿರುಗಿ ಹಾಕು. ದೇವರ ಮ್ಯಾಲ ಭಾರ ಹಾಕಿ ಅದರಾಗೇ ಕರಕೊಂಡು ಹೋಗ್ತೀನಿ.”

ವೀರಭದ್ರನ ಕಣ್ಣಿಗೆ ಮಾಂಜ್ರಾದ ಇಳಿಜಾರು ಕಂಡಿತು. ಆ ಜಾಲಿಮರ ಕಂಡಿತು. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನೆಯನ್ನು ಕೆಳಗಿಟ್ಟ.

“ಬ್ಯಾಡ್ರೀ ಅಯ್ಯನವರ. ಹೊಸಾ ಬ್ರೇಕ್ ಆಗ್ಯಾದ. ಗಾಲಿನೂ ಕುಂತಾವ.”

“ಖರೆ? ಸಪ್ಪಳ?”

“ಇಲ್ರೀ. ಪಕ್ಕಾ.”

ಹೊಸ ಬ್ರೇಕಿನ ಹದ ಗೊತ್ತಿದ್ದವನು ಅವನೊಬ್ಬನೇ. ಗಾಡಿ ನಡೆಸುವವನೂ ಅವನೇ ಆಗಬೇಕಾಯಿತು.

ಹಸಿರು ಬಳೆ ತೊಟ್ಟು ಅವಳು ಹಿಂದೆ ಕೂತಿದ್ದಳು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವನು ಬರೀ ರಸ್ತೆ ನೋಡಿದ. ಮಾಂಜ್ರಾದ ಇಳಿಜಾರು ಬಂದಾಗ ಶಾಂತಯ್ಯ “ನಿಲ್ಸು” ಎಂದ.

“ಇಳಿಬ್ಯಾಡ್ರೀ ಅಯ್ಯನವರ, ಬ್ರೇಕ್ ಹಿಡಿತದ.”

“ನಿನ್ನ ಬ್ರೇಕ್ ಹಿಡಿಲಿ. ನನ್ನ ಜೀವ ಹಿಡಿಬೇಕಲ್ಲ.” ಅವನು ಇಳಿದು, ಅಂಜಿದ ಸಂಗಮ್ಮನನ್ನೂ ಇಳಿಸಿದ. ಮದುಮಗಳು ನಡುದಾರಿಯಲ್ಲಿ ಕೆಳಗಿಳಿಯಬಾರದೆಂದು ಅವಳನ್ನಷ್ಟೇ ಒಳಗೆ ಬಿಟ್ಟ. ದಾರಿಬದಿಯ ಕಲ್ಲೊಂದನ್ನು ಎರಡೂ ಕೈಯಿಂದ ಎದೆಗೆ ಆನಿಸಿಕೊಂಡು ಗಾಡಿಯ ಮುಂದೆ ಹೊರಟ.

ವೀರಭದ್ರ ಪೆಡಲಿನ ಮೇಲೆ ಕಾಲು ಒತ್ತಿದ. ಗಾಡಿ ಇರುವೆಯಂತೆ ಇಳಿಯತೊಡಗಿತು. ಇಷ್ಟು ಮೆತ್ತಗೆ ಇಳಿಸಬಲ್ಲ ಬ್ರೇಕು ಆ ಸೀಮೆಯಲ್ಲೇ ಇರಲಿಲ್ಲ.

“ಇನ್ನೂ ಸಾವಕಾಶ,” ಎಂದಳು ಹಿಂದಿನಿಂದ.

ಇನ್ನೂ ಒತ್ತಿದ.

“ನಾ ಈಗ ತಿರುಗ್ಸು ಅಂದ್ರ ತಿರುಗ್ಸ್ತಿಯೇನು? ಉಮರ್ಗಾಕ್ಕ ಹೋಗಿ, ಅಲ್ಲಿಂದ ಸೊಲ್ಲಾಪುರದ ದೊಡ್ಡ ರಸ್ತಾ ಹಿಡದು...”

“ತಿರುಗಸ್ತೀನಿ. ಅನ್ರಿ.”

ಅವಳು ಮುಂದಿನ ಗಾಜಿನಾಚೆ ನೋಡಿದಳು. ಕಲ್ಲಿನ ಭಾರಕ್ಕೆ ಬಾಗಿದ ಅಪ್ಪನ ಬೆನ್ನು. ಹೆಜ್ಜೆಗೊಮ್ಮೆ ತಿರುಗಿ, ಮಗಳಿದ್ದ ಗಾಡಿ ಸರಿಯಾಗಿ ಬರುತ್ತಿದೆಯೇ ಎಂದು ನೋಡುವ ಮುಖ. ಅವಳು ಅನ್ನಲಿಲ್ಲ.

ನೀರು ಹತ್ತಿರವಾಯಿತು.

“ಒಂದ್ ಸಲ ನನ್ನ ಹೆಸರು ಹಿಡದು ಕರಿ. ತಾಯಿ ಅನಬ್ಯಾಡ.”

“ಚಂದ್ರಭಾಗಾ.”

“ಹ್ಞೂ,” ಎಂದಳು, ಮನೆಯೊಳಗಿಂದ ಓಗೊಟ್ಟಂತೆ.

ಶಾಂತಯ್ಯ ಕಲ್ಲನ್ನು ಮರಳಿನಲ್ಲಿ ಕೆಡವಿ, ಅಂಗೈ ಒರೆಸಿಕೊಂಡು ಬಾಗಿಲು ತೆರೆದ.

ಉದಗೀರದಲ್ಲಿ ಬೀಗರು ಗಾಡಿಯ ಸುತ್ತ ನೆರೆದು ಹೊಗಳಿದರು. ಅಮರಯ್ಯನೇ ವೀರಭದ್ರನಿಗೆ ನೀರು ತರಿಸಿಕೊಟ್ಟ, ಒಳ್ಳೆಯವನು. ಅಕ್ಷತೆ ಬಿದ್ದ ಮೇಲೆ ಶಿಷ್ಯರೆಲ್ಲ ಸಾಲಾಗಿ ವಧೂವರರ ಪಾದಕ್ಕೆರಗಿದರು. ವೀರಭದ್ರನೂ ಬಾಗಿದ. ಅವನ ಕೈ ತಾಗುವ ಮೊದಲೇ ಅರಿಸಿನ ಹಚ್ಚಿದ ಪಾದಗಳು ಸೀರೆಯ ಅಂಚಿನೊಳಗೆ ಸರಿದುಕೊಂಡವು. ಅವನು ನೆಲವನ್ನೇ ಮುಟ್ಟಿ ಎದ್ದ.

ಮರಳುವಾಗ ಹಿಂದೆ ಶಾಂತಯ್ಯ, ಸಂಗಮ್ಮ. ನದಿಗಿಳಿಯುವ ಉದಗೀರದ ಕಡೆಯ ದಂಡೆ ಬಂತು. ವೀರಭದ್ರ ಗಾಡಿ ನಿಲ್ಲಿಸಿ ಕಾದ.

“ನಡಿ, ನಡಿ. ನಾ ಇಳಿಯಂಗಿಲ್ಲ,” ಎಂದ ಶಾಂತಯ್ಯ. “ಭರೋಸಾ ಬಂತು.”

ಗಾಡಿ ಕ್ಷಣದಲ್ಲಿ ಕೆಳಗಿಳಿಯಿತು. ವೀರಭದ್ರ ಕಿವಿಗೊಟ್ಟು ಕೂತಿದ್ದ.

“ಹಿಂದ ಏನರ ಸಪ್ಪಳ ಬರ್ಲತ್ತದೇನ್ರಿ, ಅಯ್ಯನವರ?”

“ಇಲ್ಲಪ್ಪಾ,” ಎಂದ ಶಾಂತಯ್ಯ, ಕಣ್ಣು ಒರೆಸಿಕೊಳ್ಳುತ್ತ. “ಏನೂ ಇಲ್ಲ.”