ಜಿನ್ನಿನ ಮಾಲಿನ ಭೋಂಗಾ

ಗಾಜು ಒರೆಸಲೆಂದು ಪ್ರೇಮವ್ವ ಪೆಟ್ಟಿಗೆಯ ಮೇಲಿನ ರೇಷ್ಮೆ ವಸ್ತ್ರ ಸರಿಸಿದಳು. ಪೆಟ್ಟಿಗೆ ಇತ್ತು. ಒಳಗಿನ ಕೆಂಪು ಮಖಮಲ್ಲು ಇತ್ತು. ಹಿಂಬದಿಯ ತಗಡನ್ನು ಬಿಚ್ಚಿ ಗೋಡೆಗೆ ಆನಿಸಿದ್ದರು. ಅದರ ಬೋಲ್ಟುಗಳು ನೆಲದ ಮೇಲೆ ಒಪ್ಪವಾಗಿ ಕೂತಿದ್ದವು. ಭೋಂಗಾ ಮಾತ್ರ ಇರಲಿಲ್ಲ.

ಅವಳು ಕೂಗಲಿಲ್ಲ. ಬಕೆಟ್ಟು ಅಲ್ಲೇ ಬಿಟ್ಟು, ನಿಂತ ಎಸ್ಕಲೇಟರಿನ ಮೆಟ್ಟಿಲು ಹಾರಿ ಇಳಿದು, ಕೆಳಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದ ಕೊಟ್ರೇಶನ ತೋಳು ಹಿಡಿದಳು. ಮೇಲಕ್ಕೆ ಬೆರಳು ತೋರಿಸಿದಳು.

ಅದು ರಾಣೇಬೆನ್ನೂರಿನ ದೊಡ್ಡ ಮಾಲು. ನೆತ್ತಿಯ ಮೇಲಿನ ಬೋರ್ಡಿನಲ್ಲಿ ಇಂಗ್ಲಿಷ್ ಹೆಸರು ಹೊಳೆಯುತ್ತದೆ. ಆಟೋದವರಿಗೆ ಆ ಹೆಸರು ಹೇಳಿದರೆ ತಿಳಿಯುವುದಿಲ್ಲ. 'ಜಿನ್ನಿನ ಮಾಲು' ಅಂದರೆ ತಂದು ಬಾಗಿಲಿಗೇ ಇಳಿಸುತ್ತಾರೆ. ಅಲ್ಲಿ ಮೊದಲು ಹತ್ತಿ ಜಿನ್ನಿಂಗ್ ಕಾರ್ಖಾನೆ ಇತ್ತು. ಅದರ ಪಾಳಿ ಬದಲಾದಾಗ ಮೊಳಗುತ್ತಿದ್ದ ಹಿತ್ತಾಳೆಯ ಸೈರನ್ನೇ ಭೋಂಗಾ. ಅದು ಕೂಗಿದರೆ ಊರಿನ ಒಲೆಗಳ ಮೇಲೆ ಎಸರು ಏರುತ್ತಿತ್ತು. ಜಿನ್ನು ಮುಚ್ಚಿದ ಮೇಲೆ ಅದು ಮತ್ತೆ ಕೂಗಿರಲಿಲ್ಲ.

ಇವತ್ತು ಕೂಗಬೇಕಿತ್ತು. ಮಾಲು ತೆರೆದು ಹತ್ತು ವರ್ಷ. ವಿಜಯದಶಮಿಯ ಮಧ್ಯಾಹ್ನ ಮಾಲೀಕ ಅಣ್ಣಾಜಿ ತಮ್ಮ ಕೈಯಿಂದಲೇ ಭೋಂಗಾ ಊದಿಸುವವರಿದ್ದರು. ಗಾಳಿ ತುಂಬುವ ಯಂತ್ರ ಹುಬ್ಬಳ್ಳಿಯಿಂದ ಬರುತ್ತಿತ್ತು. ಹಾವೇರಿ, ಬ್ಯಾಡಗಿ, ಅಗಡಿಯವರೆಗೆ ಆಮಂತ್ರಣ ಹೋಗಿತ್ತು.

ಸಿಬ್ಬಂದಿಯೆಲ್ಲ ಸೇರಿದರು. ಕೋಲೂರಿಕೊಂಡು ಬಂದ ಅಣ್ಣಾಜಿ ಖಾಲಿ ಪೆಟ್ಟಿಗೆ ನೋಡಿದರು, ಬೋಲ್ಟು ನೋಡಿದರು, ಆಮೇಲೆ ಕೊಟ್ರೇಶನನ್ನು ನೋಡಿದರು. ಕೊಟ್ರೇಶ ಮಾಲಿನ ಎಲೆಕ್ಟ್ರಿಷಿಯನ್.

"ಭೋಂಗಾ ಎಲ್ಲಿಟ್ಟೀ, ಕೊಟ್ರ್ಯಾ?"

ಎಲ್ಲರೂ ತಿರುಗಿ ನೋಡಿದರು. ಕೊಟ್ರೇಶನ ಕಿವಿ ಬಿಸಿಯಾಯಿತು.

"ನಾನ್ಯಾಕ ಇಡ್ಲಿರಿ ಸಾವಕಾರ್ರ?"

ಅಣ್ಣಾಜಿಯ ಲೆಕ್ಕ ಸರಳವಾಗಿತ್ತು. ಬೋಲ್ಟು ಮುರಿದಿಲ್ಲ, ಬಿಚ್ಚಿದ್ದಾರೆ. ಆ ಅಳತೆಯ ಪಾನಾ, ಅಂದರೆ ಸ್ಪ್ಯಾನರು, ಕೊಟ್ರೇಶನ ಸಾಮಾನಿನಲ್ಲಷ್ಟೇ ಇದೆ. ನಿನ್ನೆ ಸಂಜೆ ಕ್ಯಾಮೆರಾ ಬಂದ್ ಆಗಿತ್ತು. ಬಂದ್ ಮಾಡಿದವನು ಯಾರು? ಕೊಟ್ರೇಶ.

ಮಾಡಿದ್ದು ಖರೇ. ನಿನ್ನೆ ಮಹಾನವಮಿ, ಖಂಡೇಪೂಜೆ. ದುಡಿಯುವ ಯಂತ್ರ, ಹತ್ಯಾರಗಳಿಗೆಲ್ಲ ವಿಭೂತಿ, ಕುಂಕುಮ ಹಚ್ಚಿ ಪೂಜೆಗೆ ಕೂರಿಸುವ ದಿನ. ಕೂರಿಸಿದ ಮೇಲೆ ಮರುದಿನ ಪೂಜೆ ಎತ್ತುವವರೆಗೆ ಯಾರೂ ಮುಟ್ಟುವಂತಿಲ್ಲ. ಕೊಟ್ರೇಶ ಪ್ರತಿವರ್ಷದಂತೆ ಮೇನ್ ಬೋರ್ಡು ಆರಿಸಿ, ಲಿಫ್ಟು, ಎಸ್ಕಲೇಟರು, ಕ್ಯಾಮೆರಾದ ಡಬ್ಬಿ ಎಲ್ಲಕ್ಕೂ ಹೂ ಏರಿಸಿದ್ದ. ಉಳಿದ ಕುಂಕುಮದ ಪೊಟ್ಟಣವನ್ನು ತನ್ನ ಕಪಾಟಿನಲ್ಲಿಟ್ಟು, ಕೀಲಿಯನ್ನು ಎಂದಿನಂತೆ ಉಡದಾರಕ್ಕೆ ಸಿಕ್ಕಿಸಿದ್ದ. ಆರತಿಯಾದ ಮೇಲೆ ಇಡೀ ಮಾಲು ಫುಡ್ ಕೋರ್ಟಿನಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತ ಕೂತಿತ್ತು.

"ಖಂಡೇಪೂಜಿ ದಿನ ಪಾನಾ ಯಾರ ಮುಟ್ಟತಾರ್ರಿ?" ಅಂದ ಕೊಟ್ರೇಶ.

"ಯಾರೂ ಮುಟ್ಟೂದಿಲ್ಲ ಅಂತ ಗೊತ್ತಿದ್ದಾಂವನೇ ಮುಟ್ಟ್ಯಾನ. ವಿಕ್ರಮಾ, ಸ್ಟೇಶನ್ನಿಗೆ ಫೋನ್ ಹಚ್ಚು." ಅಣ್ಣಾಜಿ ಮಗನತ್ತ ತಿರುಗಿದರು.

ಕೊಟ್ರೇಶನಿಗೆ ನೌಕರಿಯ ಚಿಂತೆ ಆಮೇಲೆ ಬಂತು. ಮೊದಲು ಕಣ್ಣ ಮುಂದೆ ಬಂದದ್ದು ಊರಿನ ಮನೆಬಾಗಿಲುಗಳು. ಫ್ಯಾನು ಕೆಟ್ಟರೆ, ಮಿಕ್ಸರ್ ನಿಂತರೆ, ಗಂಡಸರಿಲ್ಲದ ಹೊತ್ತಿನಲ್ಲೂ ಹೆಂಗಸರು 'ಬಾರಪ್ಪ ಕೊಟ್ರೇಶ' ಎಂದು ಒಳಗೆ ಕರೆಯುತ್ತಿದ್ದರು. ಕಳ್ಳನನ್ನು ಯಾರು ಕರೆಯುತ್ತಾರೆ?

"ಫೋನ್ ಇಡು, ವಿಕ್ರಮಾ. ಮಧ್ಯಾಹ್ನದ ತನಕಾ ಪೊಲೀಸರು ಬ್ಯಾಡ."

ಗುಂಪನ್ನು ಸೀಳಿಕೊಂಡು ಬಂದವಳು ವೆಂಕೂಬಾಯಿ. ಅಣ್ಣಾಜಿಯ ಚಿಕ್ಕಪ್ಪನ ಮಗಳು; ಹಾವೇರಿ ಕೋರ್ಟಿನಲ್ಲಿ ಸರಕಾರಿ ವಕೀಲಳಾಗಿ ನಿವೃತ್ತಳಾದವಳು. ಸಮಾರಂಭಕ್ಕೆಂದು ನಿನ್ನೆಯೇ ಬಂದು ಅಣ್ಣಾಜಿಯ ಮನೆಯಲ್ಲಿ ಇಳಿದಿದ್ದಳು. ಅವಳು ಪಾಟೀಸವಾಲಿಗೆ ಎದ್ದು ನಿಂತರೆ ಸಾಕ್ಷಿಗಳು ನೀರು ಕೇಳುತ್ತಿದ್ದರಂತೆ.

"ವೆಂಕೂ, ನಿನಗ ಇದರಾಗ..." ಅಂದರು ಅಣ್ಣಾಜಿ.

"ಅಣ್ಣಾ, ಮಂದಿ ಮುಂದ ಒಬ್ಬಾಂವನ ಕಳ್ಳ ಅಂದಿ. ಪುರಾವೆ ಏನದ ನಾ ನೋಡ್ತೀನಿ. ಕೊಟ್ರೇಶಾ, ನೀ ನನ್ನ ಜೋಡಿ ಬಾ."

ಮೇಲಿನ ಮಹಡಿಯ ಪ್ರದರ್ಶನದ ಪಡಸಾಲೆ ಮಾಲಿನ ಚರಿತ್ರೆಯನ್ನೇ ಗೋಡೆಗೆ ಏರಿಸಿತ್ತು. ಕೊಟ್ರೇಶ ಬಲ್ಬು ಬದಲಿಸುವಾಗೆಲ್ಲ ನೋಡಿದ ಫೋಟೋಗಳು. ಇವತ್ತು ಒಂದೊಂದೂ ಅವನನ್ನೇ ದುರುಗುಟ್ಟಿ ನೋಡುವಂತಿದ್ದವು. ರೈಲ್ವೆ ಗೇಟಿನವರೆಗೆ ಸಾಲುಗಟ್ಟಿದ ಅರಳೆಯ ಚಕ್ಕಡಿಗಳು. ಬೀಗ ಬಿದ್ದ ಜಿನ್ನಿನ ಗೇಟು. ಅದೇ ಬಯಲಿನಲ್ಲಿ ಸರ್ಕಸ್ಸಿನ ಡೇರೆ. ಆಮೇಲೆ ಮಾಲಿನ ಮೊದಲ ದಿನ. ಬಾಗಿಲ ಹೊರಗೆ ಗುಡ್ಡೆಬಿದ್ದ ಚಪ್ಪಲಿಗಳು! ಫಳಫಳ ನೆಲ ಕಂಡ ಮಂದಿ ಮೆಟ್ಟಿಕೊಂಡು ಒಳಗೆ ಬರಲು ಅಂಜಿ ಹೊರಗೇ ಕಳಚಿದ್ದರು. ಕಾವಲಿನವರು ಸಂಜೆಯಿಡೀ ಜೋಡಿ ಹುಡುಕಿದ್ದರು. ಪಕ್ಕದಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬನ ಹೆಂಡತಿ, ಸೀರೆಯ ನೆರಿಗೆ ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ ಎಸ್ಕಲೇಟರ್ ಏರುತ್ತಿದ್ದಾಳೆ. ಅದರ ಕೆಳಗೆ ಲಾಕ್‌ಡೌನಿನ ಕಾಲದ ಲಸಿಕೆಯ ಸರದಿ.

ವೆಂಕೂಬಾಯಿ ಫೋಟೋ ನೋಡುತ್ತಲೇ ವಿಕ್ರಮನನ್ನು ಕರೆದಳು.

"ಈ ಜಾಗಾ ಮೊಬೈಲ್ ಅಂಗಡಿಗೆ ಕೊಡಬೇಕಂತ ಅಪ್ಪನ ಜೋಡಿ ಗುದ್ದಾಡ್ಲಿಕ್ಕತ್ತೀಯಂತ. ಖರೇ ಏನು?"

"ಖರೇ. ಅಷ್ಟಕ್ಕ ಕಳವು ಮಾಡ್ತಾರೇನು, ಅತ್ಯಾ?"

"ನಿನ್ನೆ ಆರತಿ ಆದಮ್ಯಾಲೆ ಎಲ್ಲಿದ್ದಿ?"

"ಫುಡ್ ಕೋರ್ಟಿನ್ಯಾಗ. ಇಡೀ ಸ್ಟಾಫ್ ನೋಡ್ಯದ. ಮಿರ್ಚಿ ಖಾರ ಆಗಿ ನೀರಿಗೆ ಓಡ್ಯಾಡಿದ್ದನ್ನೂ ನೋಡ್ಯದ."

"ಭೋಂಗಾ ಒಬ್ಬಾಂವ ಎತ್ತಬಹುದೇನು?"

"ಎಲ್ಲಿ ಬಂತು? ಜಿನ್ನಿನ ಮಾಳಗಿ ಮ್ಯಾಲಿಂದ ಅದನ್ನ ಇಳಸೂಮುಂದ ಹಮಾಲರು ಹಗ್ಗ ಹಾಕಿದ್ರು."

ವಿಕ್ರಮನ ಹೆಂಡತಿ ಧನಶ್ರೀ ಕಂಬಕ್ಕೆ ಒರಗಿ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿದ್ದವು. ಈ ಪಡಸಾಲೆ ಅವಳ ಕೈಕೆಲಸ. ಹಳೆಯ ಜಿನ್ನು ಕೆಡವುವಾಗ ಉಳಿದ ಸಾಮಾನು ಆರಿಸಿದವಳೂ ಅವಳೇ, ಫೋಟೋ ಹುಡುಕಿ ಮನೆಮನೆ ತಿರುಗಿದವಳೂ ಅವಳೇ. ಆರತಿ ಮುಗಿದ ಕೂಡಲೇ ಮನೆಗೆ ಹೋದೆ ಎಂದಳು. ವೆಂಕೂಬಾಯಿ ಹೂಂ ಅಂದಳು, ಅಷ್ಟೇ.

ಆಮೇಲೆ ಅವಳು ಖಾಲಿ ಪೆಟ್ಟಿಗೆಯೊಳಗೆ ತಲೆ ತೂರಿಸಿದಳು. ಮಖಮಲ್ಲಿನ ಮೇಲೆ ಅಂಗೈ ಆಡಿಸಿದಳು. ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ.

"ಕೊಟ್ರೇಶಾ, ನಿನ್ನ ಮನ್ಯಾಗ ಬೀಸೂ ಕಲ್ಲು ಅದ ಏನು?"

"ಐತ್ರಿ ಬಾಯಾರ."

"ಅದನ್ನ ಹತ್ತು ವರ್ಷ ಇಂಥಾ ಬಟ್ಟಿ ಮ್ಯಾಲೆ ಇಟ್ರ ಏನಾಗ್ತದ?"

ಕೊಟ್ರೇಶ ಯೋಚಿಸಿದ. ಬಟ್ಟೆಯ ಜೀವ ಹೋಗುತ್ತದೆ, ಅಚ್ಚು ಬೀಳುತ್ತದೆ ಅಂದ. ಅನ್ನುತ್ತಲೇ ಪೆಟ್ಟಿಗೆಯೊಳಗೆ ಬಗ್ಗಿದ. ಭೋಂಗಾ ಕೂತಿದ್ದ ಜಾಗದಲ್ಲಿ ಬಣ್ಣವೇನೋ ಗಾಢವಾಗಿತ್ತು, ಬೆಳಕು ತಾಗದೆ. ಆದರೆ ಮಖಮಲ್ಲಿನ ಎಳೆಗಳು ಸೆಟೆದು ನಿಂತಿದ್ದವು.

ಅವನೂ ಅಂಗೈ ಆಡಿಸಿ ನೋಡಿದ. ಹಾಗೇಕೆ ಎಂದು ತಿಳಿಯಲಿಲ್ಲ.

"ಈಗ ನಿನ್ನ ಹತ್ಯಾರ ತೋರಿಸು."

ಮೆಟ್ಟಿಲ ಕೆಳಗಿನ ಉದ್ದ ಬೆಂಚಿನ ಮೇಲೆ ಹತ್ಯಾರಗಳು ಪೂಜೆಗೆ ಕೂತಲ್ಲೇ ಕೂತಿದ್ದವು. ಸುತ್ತಿಗೆ, ಇಕ್ಕಳ, ಡ್ರಿಲ್ಲು, ಪಾನಾಗಳು. ಸಾಲಿನುದ್ದಕ್ಕೂ ವಿಭೂತಿ, ನಡುವೆ ಕುಂಕುಮ, ಬಾಡಿದ ಚೆಂಡುಹೂ. ಸಿಬ್ಬಂದಿ ಬೆನ್ನ ಹಿಂದೆ ಬಂದು ನಿಂತಿತು. ನಿನ್ನೆ ಪೂಜೆ ಹೇಗಿತ್ತೆಂದು ತೋರಿಸಲು ಕೊಟ್ರೇಶ ಮೊಬೈಲಿನಲ್ಲಿ ನಿನ್ನೆಯ ಫೋಟೋ ತೆರೆದ. ಬೆಂಚು, ದೀಪ, ಹಿಂದೆ ಆರತಿ ತಟ್ಟೆ ಹಿಡಿದ ಧನಶ್ರೀ: ಹಸಿರು ಇಳಕಲ್ ಸೀರೆ, ಅಗಲ ಹಣೆ, ದೊಡ್ಡ ಟಿಕಳಿ. ವೆಂಕೂಬಾಯಿ ಕನ್ನಡಕ ಏರಿಸಿ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಆಮೇಲೆ ಬೆಂಚಿನ ಮೇಲೆ ಬಗ್ಗಿದಳು.

"ಆ ತಗಡಿನ ಬೋಲ್ಟಿಗೆ ಹತ್ತೂ ಪಾನಾ ಯಾವದು? ಎತ್ತು."

ಕೊಟ್ರೇಶ ಕೈ ಚಾಚಿದವನು ಹಿಂದಕ್ಕೆಳೆದುಕೊಂಡ.

"ಪೂಜಿ ಎತ್ತಿಲ್ರಿ ಇನ್ನ. ಕಾಯಿ ಒಡಿಬೇಕು."

"ನಿನ್ನ ತಲಿ ಮ್ಯಾಲೆ ಜೇಲು ತೂಗ್ಲಿಕ್ಕತ್ತದ, ನೀ ಕಾಯಿ ಅಂತೀಯಲ್ಲೋ."

"ಜೇಲಿಗೆ ಹೋದ್ರೂ ಕಾಯಿ ಒಡದ ಮ್ಯಾಲೇ ಎತ್ತತೇನ್ರಿ."

ವೆಂಕೂಬಾಯಿ ನಕ್ಕಳು. ಆ ಬೆಳಿಗ್ಗೆ ಮೊದಲ ಸಲ. ಪ್ರೇಮವ್ವ ಓಡಿಹೋಗಿ ತೆಂಗಿನಕಾಯಿ ತಂದಳು. ಕೊಟ್ರೇಶ ಒಡೆದ, ನಮಸ್ಕರಿಸಿದ, ಪಾನಾ ಎತ್ತಿದ. ಅದರ ಮೇಲೆ ವಿಭೂತಿ ಉಳಿದಿರಲಿಲ್ಲ; ಎತ್ತಿದವನ ಹೆಬ್ಬೆರಳು ಕೆಂಪು ಬೊಟ್ಟಿನ ಮೇಲೆ ಜಾರಿತು. ಜಾರಿದರೂ ಬೊಟ್ಟು ಅಳಿಸಲಿಲ್ಲ. ಉಗುರಿನಿಂದ ಕೆರೆದ. ಅದು ಅಂಚಿನಿಂದ ಮೇಲೆದ್ದು ಅವನ ಬೆರಳಿಗೇ ಅಂಟಿಕೊಂಡಿತು.

ಕುಂಕುಮವಲ್ಲ. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಟಿಕಳಿ.

ವೆಂಕೂಬಾಯಿ ಕೋರ್ಟಿನಲ್ಲಿ ನಿಂತಂತೆ ಸೆರಗು ಬಿಗಿದು ಅಣ್ಣಾಜಿಯ ಕಡೆಗೆ ತಿರುಗಿದಳು.

"ಕೇಳಣ್ಣಾ. ನಿನ್ನೆ ಸಂಜಿಗೆ ಒಬ್ಬರು ಈ ಪಾನಾ ಒಯ್ದಾರ. ಭೀತಿಗೆ ಅಂಗೈ ಬೆವತು ವಿಭೂತಿ, ಕುಂಕುಮ ಎರಡೂ ಒರಸಿಹೋಗ್ಯಾವ. ಮರಳಿ ಇಡೂಮುಂದ ಪಾನಾ ಬೋಳು. ಪೂಜಾದ ಹತ್ಯಾರ ಬೋಳು ಇಡಲಿಕ್ಕೆ ಕೈ ಬರಲಿಲ್ಲ. ಕೊಟ್ರೇಶ ಆಗಿದ್ರ? ಕುಂಕುಮದ ಪೊಟ್ಟಣ ಅವನ ಕಪಾಟಿನಾಗನ ಅದ, ಕೀಲಿ ಅವನ ಉಡದಾರಕ್ಕ. ಇವರ ಹತ್ರ ಕುಂಕುಮ ಇರಲಿಲ್ಲ. ಇದ್ದದ್ದು ಹಣಿ ಮ್ಯಾಲಿಂದು ಒಂದೇ. ಪೂಜಿಗೆ ಕೂತ ಹತ್ಯಾರ ಯಾರೂ ಮುಟ್ಟೂದಿಲ್ಲ, ಬಗ್ಗಿ ನೋಡೂದೂ ಇಲ್ಲ. ಅದಕ್ಕ ಇಲ್ಲೀ ತನಕಾ ಯಾರಿಗೂ ಕಾಣಲಿಲ್ಲ."

"ಹೆಂಗಸು ಒಬ್ಬಾಕಿ ಭೋಂಗಾ ಹ್ಯಾಂಗ ಎತ್ತಿದ್ಲು?" ಅಣ್ಣಾಜಿ ಕೇಳಿದರು.

"ಎತ್ತಲಿಕ್ಕೆ ಭಾರನೇ ಇರಲಿಲ್ಲ. ಹಿತ್ತಾಳಿ ಆಗಿದ್ರ ಮಖಮಲ್ಲು ಸತ್ತುಹೋಗ್ತಿತ್ತು. ಹತ್ತು ವರ್ಷ ನೀ ಕೈ ಮುಗದದ್ದು ಟೊಳ್ಳು ಗೊಂಬಿಗೆ, ಅಣ್ಣಾ. ಊದಿಸ್ತೀನಿ ಅಂದ ದಿನಾ ಅದಕ್ಕ ಮರಣ ಬಂತು."

ಆಮೇಲೆ ಅವಳ ದನಿ ತಗ್ಗಿತು.

"ಧನಶ್ರೀ, ಆರತಿ ಆದ ಕೂಡಲೇ ಮನಿಗೆ ಬಂದೆ ಅಂದಿ. ನಿನ್ನೆ ನೀ ಬಂದದ್ದು ನಾವೆಲ್ಲಾ ಉಂಡು ಎದ್ದಮ್ಯಾಲೆ. ನವರಾತ್ರಿಯೊಳಗ ಮುತ್ತೈದಿ ಬರೇ ಹಣಿಲೆ ಬಂದಾಳ ಅಂತ ದೇವರ ಮುಂದ ನಾನೇ ನಿನಗ ಕುಂಕುಮ ಹಚ್ಚಿದೆ. ಈ ಫೋಟೋದಾಗಿನ ಟಿಕಳಿ ಎಲ್ಲಿ ಬಿತ್ತು?"

ಧನಶ್ರೀ ನೆಲಕ್ಕೆ ಕುಸಿದಳು. ಹೇಳಿದ್ದೆಲ್ಲ ಬಿಕ್ಕಿಬಿಕ್ಕಿ. ಜಿನ್ನು ಕೆಡವಿದಾಗ ಮಾವ ಕೇಳಿದ್ದು ಒಂದೇ: ಭೋಂಗಾ ಉಳಿಸು. ಅವಳು ಅದನ್ನು ಹಳೆಯ ತಗಡುಗಳ ಪಕ್ಕ ಇಡಿಸಿ ಊಟಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಗುಜರಿ ಲಾರಿ ತಗಡಿನೊಂದಿಗೆ ಅದನ್ನೂ ಹೇರಿಕೊಂಡು ಹೋಗಿತ್ತು. ಬೆನ್ನು ಹತ್ತಿ ಹೋದಾಗ ಅದು ಕುಲುಮೆಯಲ್ಲಿ ಕರಗಿಹೋಗಿತ್ತು. ಫೋಟೋ ಕೊಟ್ಟು, ಮೂರ್ತಿ ಮಾಡುವವರ ಕೈಯಲ್ಲಿ ಫೈಬರಿನದನ್ನು ಮಾಡಿಸಿದಳು. ಈಗ ಅದು ಗೋಡೌನಿನಲ್ಲಿ, ದೀಪಾವಳಿಯ ದೀಪದ ಸರಗಳ ರಟ್ಟಿನ ಪೆಟ್ಟಿಗೆಯಲ್ಲಿದೆ.

"ಕೊಟ್ರೇಶನ ಹೆಸರ ಬರ್ತದ ಅಂತ ಗೊತ್ತಿರಲಿಲ್ಲ ಮಾಮಾ. ಬಂದಮ್ಯಾಲೆ ಬಾಯಿ ತೆರೀಲಿಕ್ಕೆ ಆಗಲಿಲ್ಲ."

ಅಣ್ಣಾಜಿ ಬೆಂಚಿನ ತುದಿಯಲ್ಲಿ ಕೂತರು. ಕೋಲಿನ ಹಿಡಿಕೆ ಉಜ್ಜಿದರು. ಆಮೇಲೆ ಕೊಟ್ರೇಶನ ಕೈ ಹಿಡಿಯಲು ಹೋದರು. ತಪ್ಪಾಯಿತು, ಮರೆತುಬಿಡು ಅಂದರು.

ಕೊಟ್ರೇಶ ಕೈ ಕೊಡಲಿಲ್ಲ. ಮಾತು ನೆಟ್ಟಗೆ ಬಂತು.

"ಮಂದಿ ಮುಂದ ಅಂದೀರಿ, ಸಾವಕಾರ್ರ. ಈಗಾಗಲೇ ಅರ್ಧಾ ಊರಿಗೆ ಮುಟ್ಟೈತಿ. ಮೈಕಿನ್ಯಾಗ ಹೇಳಸ್ರಿ. ಬಾಗಲ ತಗದು, ಮಂದಿ ಒಳಗ ಬಂದಮ್ಯಾಲೆ."

ವಿಕ್ರಮ ಏನೋ ಹೇಳಲು ಬಾಯಿ ತೆರೆದ. ವೆಂಕೂಬಾಯಿ ಅವನತ್ತ ನೋಡಿದಳು. ಅವನು ಮುಚ್ಚಿಕೊಂಡ.

ಬಾಗಿಲು ತೆರೆಯಿತು. ಹಬ್ಬದ ಜನ ನುಗ್ಗಿತು; ಹೊಸ ಬಟ್ಟೆ, ಕೈಯಲ್ಲಿ ಬನ್ನಿ ಎಲೆ, ಭೋಂಗಾ ಕೇಳಲು ಬಂದ ಮುದುಕ ಮುದುಕಿಯರು. ಮಾಹಿತಿ ಕೌಂಟರಿನಲ್ಲಿ ಧನಶ್ರೀ ಮೈಕು ಹಿಡಿದಳು. ಕೊಟ್ರೇಶ ಪಕ್ಕದಲ್ಲೇ ಮೈಕಿನ ಯಂತ್ರದ ಬಳಿ ನಿಂತಿದ್ದ. ಅವಳು ತನ್ನ ಹೆಸರು ಹೇಳಿದಳು, ಮಾಡಿದ್ದು ಹೇಳಿದಳು. ಕೊನೆಗೆ, "ಕೊಟ್ರೇಶ ಕಳ್ಳ ಅಲ್ಲ. ಕದ್ದಾಕಿ ನಾನು," ಎಂದಳು. ಮೂರೂ ಮಹಡಿಯ ಸ್ಪೀಕರುಗಳಲ್ಲಿ ಆ ಮಾತು ಹರಿಯಿತು. ಎಸ್ಕಲೇಟರಿನ ಮೇಲಿದ್ದವರು ತಿರುಗಿ ನಿಂತರು.

ಕೊಟ್ರೇಶನ ಹೆಗಲು ತಾನಾಗಿಯೇ ಕೆಳಗಿಳಿಯಿತು.

ಹಾಗಾದರೆ ಭೋಂಗಾ ಇಲ್ಲವೇ ಎಂದು ಗುಂಪಿನಿಂದ ಯಾರೋ ಕೇಳಿದರು. ಗುಜುಗುಜು ಎದ್ದಿತು. ಆಗ ಅಣ್ಣಾಜಿ ಸೊಸೆಯ ಕೈಯಿಂದ ಮೈಕು ತೆಗೆದುಕೊಂಡರು. ಬೈಯುತ್ತಾರೆಂದು ಅವಳು ಕಣ್ಣು ಮುಚ್ಚಿದಳು. ಅವರು ಕೋಲು ಕೌಂಟರಿಗೆ ಆನಿಸಿ, ಅಂಗೈಯನ್ನು ಬಾಯಿಗೆ ಬೊಗಸೆ ಮಾಡಿ, ಎದೆ ತುಂಬ ಉಸಿರೆಳೆದರು.

"ಭೋಂ... ಓಂ... ಓಂ..."

ಮಾಲು ಗಪ್ಪಾಯಿತು. ಹುಡುಗಿಯಾಗಿದ್ದಾಗ ಅವ್ವನ ಜೊತೆ ಇದೇ ಜಿನ್ನಿನಲ್ಲಿ ಅರಳೆ ಆರಿಸಿದ ಪ್ರೇಮವ್ವ ಕಸಬರಿಗೆ ಎದೆಗೊತ್ತಿಕೊಂಡು, ತಲೆ ಓರೆ ಮಾಡಿ ಕೇಳಿದಳು. ಕೊನೆಯವರೆಗೆ ಕೇಳಿ, ತಲೆಯಾಡಿಸಿದಳು.

"ಇಷ್ಟ ಸಣ್ಣ ಇರಲಿಲ್ರಿ ಸಾವಕಾರ್ರ. ರೈಲ್ವೆ ಸ್ಟೇಶನ್ನಿನ ತನಕಾ ಕೇಳತಿತ್ತು."

ಕೊಟ್ರೇಶ ಮೈಕಿನ ದನಿ ಏರಿಸುವ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಅಣ್ಣಾಜಿಯತ್ತ ನೋಡಿದ.

"ಈಗ ಊದ್ರಿ."