ಬೈಗುಳ ಸೋಸುವ ಯಂತ್ರ

“ಅಳತಿ ಮತ್ತ ತಪ್ಪಿಸ್ಯಾನ. ಇವನ ತಲಿ ಎಮ್ಮಿ ಕಾಯಾಕ ಹೋಗಿತ್ತೇನು?” ಎಂದು ಕಲಬುರಗಿಯ ತನ್ನ ಮನೆಯಲ್ಲಿ ಕುಳಿತ ರುಕ್ಮುದ್ದೀನ ಗುಡುಗಿದ. ಅದೇ ಮಾತು ಮೈಸೂರಿನಲ್ಲಿದ್ದ ಜೊತೆಗಾರನ ಕಿವಿಗೆ, ರುಕ್ಮುದ್ದೀನನದೇ ದನಿಯಲ್ಲಿ, “ಅಳತೆಯನ್ನು ಇನ್ನೊಮ್ಮೆ ನೋಡೋಣವೇ?” ಎಂದು ತಲುಪಿತು. ಜೊತೆಗಾರ ನಕ್ಕು ತಿದ್ದಿಕೊಂಡ.

ಇದು ‘ಇಂಪು’ ಮಾಡುತ್ತಿದ್ದ ಕೆಲಸ. ದನಿಯ ಏರಿಳಿತ, ನಡುಕ, ವೇಗಗಳನ್ನು ಅಳೆದು ಸಿಟ್ಟನ್ನೋ ಭಯವನ್ನೋ ಅದು ಗುರುತಿಸುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಾತನ್ನು ಸೋಸಿ, ಹದ ಮಾಡಿ ಆಚೆ ದಾಟಿಸುತ್ತಿತ್ತು. ಇದನ್ನು ಕಂಡುಹಿಡಿದ ಧಾರವಾಡದ ಶಬ್ದವಿಜ್ಞಾನಿ ಶಾಲ್ಮಲಾ, ಬಯಲುಸೀಮೆಯ ಒಂದು ತಾಮ್ರದ ಗಣಿಯ ದೂರತಂಡಕ್ಕೆ ಮುಖ್ಯಸ್ಥೆಯೂ ಆಗಿದ್ದಳು. ತಂಡದವರು ತಂತಮ್ಮ ಊರುಗಳಲ್ಲೇ ಕುಳಿತು ನೆಲದಾಳದ ಯಂತ್ರಗಳನ್ನು ನಡೆಸುತ್ತಿದ್ದರು. ಮೊದಲು ಹಾವು ಮುಂಗುಸಿಗಳಂತಿದ್ದವರು ಈಗ ಜಗಳವನ್ನೇ ಮರೆತಿದ್ದರು. ಶುರುವಿನಲ್ಲಿ ಶಾಲ್ಮಲಾ ಮೂಲದನಿಯನ್ನೂ ಕೇಳಿ ನೋಡುತ್ತಿದ್ದಳು. ಆಮೇಲೆ ಸೋಸಿದ್ದೇ ಹಿತವೆನಿಸಿ ಅದನ್ನು ಬಿಟ್ಟಳು.

ಗಣಿಯೊಳಗೆ ಇಳಿಯುತ್ತಿದ್ದವನು ಯಂಕಪ್ಪ ಒಬ್ಬನೇ. ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುವವನು. ಒಂದು ದಿನ ಅವನ ದನಿ ಬಂತು: “ಅನುಕೂಲವಾದಾಗ ಕೊರೆಯುವುದನ್ನು ನಿಲ್ಲಿಸುತ್ತೀರಾ?” ಎಷ್ಟು ಸಭ್ಯ ಮನುಷ್ಯ ಎಂದುಕೊಂಡಳು ಶಾಲ್ಮಲಾ. ಕೈಯಲ್ಲಿದ್ದ ತೂತು ಮುಗಿಸಿ ನಿಲ್ಲಿಸಿದರಾಯಿತು ಎಂದುಕೊಂಡ ಕೊರೆಯುವ ಯಂತ್ರ ನಡೆಸುತ್ತಿದ್ದ ರುಕ್ಮುದ್ದೀನ. ತೂತು ಮುಗಿಯುವ ಮೊದಲೇ ಸುರಂಗದ ಚಾವಣಿ ಕುಸಿಯಿತು.

ಯಂಕಪ್ಪನ ಹೆಣ ಮೇಲೆ ಬಂದ ದಿನ ಅವಳು ಇಂಪಿಲ್ಲದೆ ನೇರ ಫೋನು ಮಾಡಿ ಮೂಲದನಿಯನ್ನು ರುಕ್ಮುದ್ದೀನನಿಗೆ ಕೇಳಿಸಿದಳು. ಅದರಲ್ಲಿ ಯಂಕಪ್ಪ ಅವನ ಏಳು ತಲೆಮಾರನ್ನೂ ಬೈದಿದ್ದ. ರುಕ್ಮುದ್ದೀನ ಅದನ್ನು ಇನ್ನೊಮ್ಮೆ ಹಾಕಿಸಿ ಕೇಳಿದ.

“ನಾನೂ ಮೊದಲ ಒಳಗ ದುಡಿದಾಂವ ಅದೀನ್ರಿ ಮೇಡಂ. ಮ್ಯಾಲಿಂದ ಮಣ್ಣು ಉದರಾಕ ಹತ್ತಿತಂದ್ರ ಒಳಗಿನವರು ಹೇಳೂದಿಲ್ಲ, ಬೈತಾರ. ಬೈಗುಳ ಬಿತ್ತಂದ್ರ ಯಾಕಂತ ಕೇಳದ ಎಲ್ಲಾ ಬಿಟ್ಟು ಓಡೂದು. ಇದು ಕಿವಿಗೆ ಬಿದ್ದಿದ್ರ ನಾ ಅರೆಗಳಿಗಿ ಕೊರೀತಿದ್ದಿಲ್ರಿ.”

“ನನಗ ಮೊದಲ ಯಾಕ ಹೇಳಲಿಲ್ಲ ಇದನ್ನ?”

“ಹೇಳಿದ್ದೆರಿ. ಸೋಸಿ ಬಂದಿರಬೇಕು.”

ಶಾಲ್ಮಲಾ ಗಣಿಯೂರಿಗೆ ಹೋದಳು. ಯಂಕಪ್ಪನ ಹೆಂಡತಿ ಹುಲಿಗೆಮ್ಮ ಅಂಗಳದಲ್ಲೇ ತಡೆದು, ಓಣಿಯೆಲ್ಲ ಕೇಳುವಂತೆ ಹಿಡಿಶಾಪ ಹಾಕಿದಳು. ಶಾಲ್ಮಲಾ ತಲೆ ತಗ್ಗಿಸಿ ಕೇಳುತ್ತ ನಿಂತಳು. ಮನುಷ್ಯರ ದನಿ ಕೇಳಿ ಎಷ್ಟು ವರ್ಷವಾಯಿತು ಎನಿಸಿ ಅವಳಿಗೆ ಅಳು ಬಂತು.

ಮರಳಿದವಳೇ ಇಂಪನ್ನು ನಿಲ್ಲಿಸಿಬಿಟ್ಟಳು. ತಂಡದಲ್ಲಿ ಮತ್ತೆ ಜಗಳ ಹೊತ್ತಿಕೊಂಡಿತು. ಇಬ್ಬರು ಕೆಲಸ ಬಿಟ್ಟರು. ಆಗಲಿ, ಒಳಗಿಳಿಯುವವನ ಜೀವ ಉಳಿದರೆ ಸಾಕು ಎಂದಳು. ಯಂಕಪ್ಪನ ಜಾಗಕ್ಕೆ ದುರುಗೇಶ ಎಂಬ ಹೊಸಬ ಬಂದಿದ್ದ.

“ಒಳಗ ಹೆಂಗೈತಿ ದುರುಗೇಶ?” ಎಂದು ಒಂದು ಮಧ್ಯಾಹ್ನ ತಂಡದ ಮೀಟಿಂಗಿನಲ್ಲಿ ವಿಚಾರಿಸಿದಳು.

“ಎಲ್ಲಾ ಚಲೋ ಐತ್ರಿ ಮೇಡಂ.”

ಮಾತಿನ ಹಿಂದೆ ಸಣ್ಣಗೆ ಹರಳುಕಲ್ಲು ಉದುರುವ ಸದ್ದು. ಶಾಲ್ಮಲಾ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ಅವನನ್ನು ಮೇಲಕ್ಕೆ ಓಡಿಸಿದಳು. ಅವನು ಬಿಸಿಲಿಗೆ ಬರುವಷ್ಟರಲ್ಲಿ ಒಳಗೆ ಬಂಡೆ ಬಿದ್ದಿತ್ತು.

“ಉದರೂದು ಕಂಡಿದ್ದಿಲ್ಲೇನು ನಿನಗ?”

“ಕಂಡಿತ್ರಿ. ಜೀವ ಬಾಯಿಗೆ ಬಂದಿತ್ರಿ.”

“ಮತ್ಯಾಕ ಒದರಲಿಲ್ಲ?”

“ಎಲ್ಲಾರೂ ಕೂಡಿದ್ದ ಮೀಟಿಂಗ್ ಇತ್ತಲ್ರಿ. ಅಲ್ಲಿ ಹಂಗ ಮಾತಾಡಬಾರದ್ರಿ.”

ಯಾರು ಕಲಿಸಿದರು ಎಂದು ಶಾಲ್ಮಲಾ ಕೇಳಲಿಲ್ಲ. ಅವಳು ಚಿಕ್ಕವಳಿದ್ದಾಗ, ಇಂಪು ಇನ್ನೂ ಹುಟ್ಟದಿದ್ದಾಗ, ಅಪ್ಪ ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಮೀಟಿಂಗಿಗೆ ಕೂರುತ್ತಿದ್ದ. ಹೇಗಿದ್ದೀರಿ ಎಂದು ಆಚೆಯಿಂದ ಕೇಳಿದರೆ ಎಲ್ಲ ಚೆನ್ನಾಗಿದೆ ಎಂದು ನಗುತ್ತಿದ್ದ. ಆಮೇಲೆ ಮೈಕು ಆರಿಸಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ.